ದಿವಾನನಿಗೆ ಹೆಣ್ಣು ನೋಡಿದ ದಿನ

ಎಲ್ಲ ತೊಂದರೆಗೂ ಮೂಲ ಒಂದು ನಡುಬೆರಳು. ಅದೂ ಮನುಷ್ಯರದಲ್ಲ, ಕೋಳಿಯದು.

ಶಹಾಪುರದ ಕುರುಬರ ಓಣಿಯ ಅಮೋಘಸಿದ್ದ ಕಂಬಳಿ ನೇಯ್ದು ಬದುಕುವವನು. ಓಣಿಯ ಉಳಿದವರೆಲ್ಲ ಕುರಿ ಸಾಕಿದರೆ ಇವನು ಕೋಳಿ ಸಾಕಿದ್ದ. ಕುರುಬನಾಗಿ ಹುಟ್ಟಿ ಕುರಿಯ ಕಡೆ ತಿರುಗಿ ನೋಡದೆ ಕೋಳಿಯ ಹಿಂದೆ ಬಿದ್ದಿದ್ದಾನಲ್ಲ ಎಂದು ದಾಯಾದಿಗಳು ಆಡಿಕೊಳ್ಳುತ್ತಿದ್ದರು. ಆದರೆ ಅವು ಸಂತೆಯಲ್ಲಿ ಸಿಗುವ ಕೋಳಿಗಳಾಗಿರಲಿಲ್ಲ. ಒಂದೊಂದೂ ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡವು. ಕಾಲಿಗೆ ಮೇಲಿನಿಂದ ಬೆರಳಿನವರೆಗೆ ದಟ್ಟವಾದ ಪುಕ್ಕ. ಮಳೆಗಾಲದ ಅಂಗಳದಲ್ಲಿ ನಡೆದರೆ, ಪಾಯಿಜಾಮ ಎತ್ತಿ ಹಿಡಿಯಲು ಮರೆತ ಮುದುಕರು ಕೆಸರು ದಾಟುತ್ತಿರುವಂತೆ ಕಾಣುತ್ತಿದ್ದವು.

ಆ ಕೋಳಿಗಳು ಬಂದದ್ದು ಜಾಗೀರದಾರರ ದೊಡ್ಡ ಮನೆ ದೇವಡಿಯಿಂದ. ಹೈದರಾಬಾದ ಸಂಸ್ಥಾನ ಹಿಂದುಸ್ಥಾನದಲ್ಲಿ ವಿಲೀನವಾಯಿತು, ಜಾಗೀರುಗಳು ಸರ್ಕಾರದಲ್ಲಿ ವಿಲೀನವಾದವು, ಜಾಗೀರದಾರರು ಹೈದರಾಬಾದ ಶಹರದ ಗದ್ದಲದಲ್ಲಿ ವಿಲೀನರಾದರು. ಅವರು ಹೊರಡುವ ದಿನ ದೇವಡಿಯ ಕುರ್ಚಿ, ಕುದುರೆ, ಕನ್ನಡಿ ಎಲ್ಲ ಕಂಡವರ ಪಾಲಾದವು. ಕಂಬಳಿ ಒಪ್ಪಿಸಲು ಹೋಗಿದ್ದ ಅಮೋಘಸಿದ್ದನಿಗೆ ಅಲ್ಲಿನ ಕೋಳಿಮನೆ, ಅಂದರೆ ಮುರ್ಗಿಖಾನೆ ನೋಡಿಕೊಳ್ಳುತ್ತಿದ್ದ ರಾಜಾಸಾಬ ಒಂದು ಜೋಡಿ ಮರಿ ಕೊಟ್ಟ. ಬರೀ ಮರಿ ಕೊಡಲಿಲ್ಲ, ಮುರ್ಗಿಖಾನೆಯ ಕಟ್ಟುನಿಟ್ಟುಗಳನ್ನೂ ಬಾಯಿಪಾಠ ಮಾಡಿಸಿ ಕಳಿಸಿದ. ಜುಟ್ಟು ಗಿಡ್ಡಗಿದ್ದು ಮೂರು ಸಾಲಿನಲ್ಲಿ ತೊಗರಿಕಾಳು ಅಂಟಿಸಿದಂತಿರಬೇಕು. ಮೈ ಬಿಳುಪಿರಬೇಕು, ಕುತ್ತಿಗೆಯ ಒಂದೊಂದು ಗರಿಯ ನಡುವೆಯೂ ಕಪ್ಪು ಗೀರಿರಬೇಕು. ಎದೆ ಅಗಲ, ಬಾಲ ಮೋಟು. ಎಲ್ಲಕ್ಕಿಂತ ಹೆಚ್ಚಾಗಿ ಕಾಲಿನ ಪುಕ್ಕ ನಡುಬೆರಳಿನ ತುದಿ ಮುಟ್ಟಬೇಕು. ಮುಟ್ಟದಿದ್ದರೆ ಅದು ದೇವಡಿಯ ಕೋಳಿಯಲ್ಲ, ಸಾರಿನ ಕೋಳಿ.

ಅಂದಿನಿಂದ ಅಮೋಘಸಿದ್ದ ಆ ಬೆರಳಿನ ಬೆನ್ನು ಹತ್ತಿದ್ದ. ಪ್ರತಿ ಸಲ ಮರಿ ಒಡೆದಾಗಲೂ ಒಂದೊಂದನ್ನೇ ಅಂಗೈ ಮೇಲೆ ನಿಲ್ಲಿಸಿ ಕಾಲು ನೋಡುತ್ತಿದ್ದ. ಹೊರಬೆರಳಿಗೆ ಪುಕ್ಕ ತುಂಬಿರುತ್ತಿತ್ತು, ನಡುಬೆರಳು ಬೋಳು. ಹೊಂದದ ಮರಿಗಳು ಬೆಳೆದ ಮೇಲೆ ಹೆಂಡತಿ ಚಂದಮ್ಮನ ಒಲೆಗೆ ಹೋಗುತ್ತಿದ್ದವು. ಗಂಡನ ಹುಚ್ಚಿನ ಬಗ್ಗೆ ಅವಳ ತಕರಾರೇನೂ ಇರಲಿಲ್ಲ. ಕಟ್ಟುನಿಟ್ಟು ಹೆಚ್ಚಾದಷ್ಟೂ ಮನೆಯಲ್ಲಿ ಸಾರು ಹೆಚ್ಚಾಗುತ್ತಿತ್ತು.

ಕೊನೆಗೊಮ್ಮೆ ದಿವಾನನೆಂಬ ಹುಂಜ ಹುಟ್ಟಿದ. ಜುಟ್ಟು, ಕುತ್ತಿಗೆ, ಎದೆ, ಬಾಲ ಎಲ್ಲ ಅಳೆದಿಟ್ಟಂತೆ. ನಡುಬೆರಳಿನ ತುದಿಯವರೆಗೂ ಬೆಳ್ಳನೆಯ ಪುಕ್ಕ. ಅಮೋಘಸಿದ್ದ ಅವನನ್ನು ಹಗಲೆಲ್ಲ ಮಗ್ಗದ ಪಕ್ಕದಲ್ಲೇ ಇಟ್ಟುಕೊಂಡು ಲಾಳಿ ಎಸೆಯುವ ನಡುನಡುವೆ ನೋಡಿ ನಗುತ್ತಿದ್ದ. ಆದರೆ ಹುಂಜ ಒಂದೇ ಸರಿ ಇದ್ದರೆ ವಂಶ ಬೆಳೆಯುತ್ತದೆಯೇ? ಮನೆಯ ಹೇಂಟೆಗಳೆಲ್ಲ ಬೋಳುಬೆರಳಿನವು. ಅವಕ್ಕೆ ದಿವಾನನನ್ನು ಬಿಟ್ಟು ನೋಡಿದರೆ ಹುಟ್ಟಿದ ಮರಿಗಳೆಲ್ಲ ತಾಯಿಯನ್ನೇ ಹೋಲಿದವು. ಸರಿಯಾದ ಹೇಂಟೆ ಸಿಗದಿದ್ದರೆ ಇಷ್ಟು ವರ್ಷದ ಪಾಡು ದಿವಾನನ ಜೊತೆಗೇ ಮುಗಿದುಹೋಗುತ್ತಿತ್ತು.

ಅಂಥದರಲ್ಲಿ ಸುರಪುರದಿಂದ ಒಂದು ಸುದ್ದಿ ಬಂತು. ರಾಜಾಸಾಬ ತೀರಿಕೊಂಡಿದ್ದ, ಅವನ ಹೆಂಡತಿ ಗೌಹರಬೇಗಂ ಅಲ್ಲಿ ಮಗ ಸೊಸೆಯ ಜೊತೆ ಇದ್ದಳು. ಅವಳ ಹುಂಜವನ್ನು ಮುಂಗುಸಿ ಹಿಡಿದುಕೊಂಡು ಹೋಗಿ, ಒಂದೇ ಒಂದು ಹೇಂಟೆ ಉಳಿದಿತ್ತಂತೆ. ಅದರ ನಡುಬೆರಳು ತುಂಬಿದೆಯಂತೆ. ಅಮೋಘಸಿದ್ದ ಹೇಳಿಕಳಿಸಿದ್ದಕ್ಕೆ ಅವಳು ಹುಂಜ ತಂದು ತೋರಿಸಲಿ, ಕಟ್ಟುನಿಟ್ಟಿಗೆ ಸರಿ ಇದ್ದರೆ ಮಾತಾಡೋಣ ಎಂದು ತಿರುಗಿ ಹೇಳಿಕಳಿಸಿದ್ದಳು. ಒಂದೇ ಒಂದು ತಪ್ಪಿದ್ದರೂ ಬಾಗಿಲಿಂದಲೇ ಹಿಂದಕ್ಕೆ ಹೋಗಬೇಕು ಎಂದೂ ಸೇರಿಸಿದ್ದಳು.

ಅಮೋಘಸಿದ್ದ ಯಾರಿಗೂ ಹೇಳದೆ ಬೆಳಗಿನ ಬಸ್ಸಿಗೆ ಹೋಗಿ ಹೇಂಟೆ ತಂದುಬಿಡಬೇಕು ಎಂದುಕೊಂಡಿದ್ದ. ಆದರೆ ಚಂದಮ್ಮ ನೀರಿಗೆ ಹೋದಾಗ ಬಾವಿಕಟ್ಟೆಯ ಮೇಲೆ ಬಾಯಿ ಬಿಟ್ಟಿದ್ದಳು. ಬೆಳಗ್ಗೆ ಬಾಗಿಲು ತೆಗೆದರೆ ಎದುರಿಗೆ ಭಗವಂತರಾಯರು ಹೊಸ ರುಮಾಲು ಸುತ್ತಿ, ಕೊಡೆ ಹಿಡಿದು ನಿಂತಿದ್ದರು.

ಭಗವಂತರಾಯರು ಜಾಗೀರಿನ ಗುಮಾಸ್ತರಾಗಿದ್ದವರು. ಜಾಗೀರು ಹೋದ ಮೇಲೆ ಬಗೆಹರಿಸಲು ತಂಟೆ ತಕರಾರುಗಳಿಲ್ಲದೆ ಕೈ ಕಟ್ಟಿಹಾಕಿದಂತಾಗಿ, ಊರಿನ ಮದುವೆ ಕುದುರಿಸುವುದಕ್ಕೆ ನಿಂತಿದ್ದರು. ಜನ್ಮದಲ್ಲಿ ಕೋಳಿ ಮುಟ್ಟಿದವರಲ್ಲ, ತತ್ತಿಯ ಹೆಸರೆತ್ತಿದರೆ ಮುಖ ತಿರುಗಿಸುವವರು. ಆದರೂ ಗಂಡು ಹೆಣ್ಣಿನ ಮಾತು ಎಲ್ಲಿ ನಡೆದರೂ ಅಲ್ಲಿ ತಾವಿರದಿದ್ದರೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ.

“ಹೆಣ್ಣು ನೋಡಾಕ ಹಿರೇರನ್ನ ಬಿಟ್ಟು ಹೊಂಟಿಯಲ್ಲೋ ಅಮೋಘಸಿದ್ದ, ಇದು ರೀತಿ ಏನು?” ಎಂದರು.

“ಕೋಳಿ ಅದರಿ ಗುಮಾಸ್ತರ,” ಎಂದ ಅಮೋಘಸಿದ್ದ.

“ಕೋಳಿ ಇರವಲ್ದ್ಯಾಕ. ಸಂಬಂಧ ಸಂಬಂಧನೇ. ನೀ ಬಾಯಿ ಮುಚ್ಚಿಕೊಂಡು ಕೂಡು, ಮಾತೆಲ್ಲ ನನಗ ಬಿಡು.”

ಅಷ್ಟರಲ್ಲಿ ಎದುರು ಮನೆಯ ದರ್ಜಿ ಶರೀಫಸಾಬನೂ ಬಂದ. ಸುರಪುರದ ಗೌಹರಬೇಗಂ ತನಗೆ ದೂರದಿಂದ ಖಾಲಾ, ಅಂದರೆ ಚಿಕ್ಕಮ್ಮ ಆಗಬೇಕು, ಆದ್ದರಿಂದ ತಾನು ಹೆಣ್ಣಿನ ಕಡೆಯವನೂ ಹೌದು, ಗಂಡಿನ ಕಡೆಯವನೂ ಹೌದು ಎಂದು ಹೇಳಿಕೊಂಡ. ದಿವಾನನ ಕಾಲಿನ ಪುಕ್ಕ ದಾರಿಯ ಎರೆಮಣ್ಣಿಗೆ ಹಾಳಾಗಬಾರದೆಂದು ಅವನು ಎರಡು ಸಣ್ಣ ಚೀಲ ಹೊಲಿದು ತಂದಿದ್ದ. ಚೀಲದ ಬಾಯಿಗೆ ಲಾಡಿ ಕೂಡ ಇತ್ತು. ಬಟ್ಟೆ ಭಾಳ ಗಟ್ಟಿ, ಕಿರಾಣಿ ಅಂಗಡಿಯ ಹಳೆಯ ಉಪ್ಪಿನ ಚೀಲ ಬಿಚ್ಚಿ ಹೊಲಿದದ್ದು ಎಂದು ಹೆಮ್ಮೆಯಿಂದ ಹೇಳಿದ. ಶ್ರಾವಣದ ಜಿಟಿಜಿಟಿ ಮಳೆ ಹಿಡಿದುಕೊಂಡಿತ್ತು. ಶಹಾಪುರದ ಎರೆಮಣ್ಣು ಒಮ್ಮೆ ಪುಕ್ಕಕ್ಕೆ ಹತ್ತಿ ಒಣಗಿತೆಂದರೆ ಪುಕ್ಕವನ್ನು ಕಿತ್ತುಕೊಂಡೇ ಬಿಡುತ್ತದೆ. ಅಮೋಘಸಿದ್ದನಿಗೆ ಶರೀಫಸಾಬನ ಮೇಲೆ ಅಕ್ಕರೆ ಉಕ್ಕಿಬಂತು. ಎರಡು ಕಾಲಿಗೂ ಚೀಲ ಕಟ್ಟಿದರು. ದಿವಾನ ಒಂದೆರಡು ಹೆಜ್ಜೆ ಕಾಲೆತ್ತಿ ಕಾಲೆತ್ತಿ ಇಟ್ಟು, ಅವಮಾನವಾದವನಂತೆ ಕೂತುಬಿಟ್ಟ.

ಬಸ್ಸಿನ ಹತ್ತಿರ ಮೊದಲ ವಿಘ್ನ ಎದುರಾಯಿತು. ಕಂಡಕ್ಟರು ಹುಂಜವಿದ್ದ ಬುಟ್ಟಿಯನ್ನು ಮೇಲೆ ಹಾಕಬೇಕೆಂದ. ದಿವಾನನನ್ನು ಮಳೆಯಲ್ಲಿ ಬಸ್ಸಿನ ತಲೆಯ ಮೇಲೆ ಕೂರಿಸುವುದಕ್ಕಿಂತ ತಾನೇ ಮೇಲೆ ಕೂರುತ್ತೇನೆಂದು ಅಮೋಘಸಿದ್ದ ಹಟ ಹಿಡಿದ. ಭಗವಂತರಾಯರು ನಡುವೆ ಬಂದು, ಇವನು ಮದುವೆಗಂಡು, ಇಂದು ನಿಶ್ಚಯ ಇದೆ ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ಕಂಡಕ್ಟರು ನಕ್ಕು, ಗಂಡು ಒಳಗೆ ಬರಲಿ, ಬುಟ್ಟಿ ಮೇಲೆ ಹೋಗಲಿ ಎಂದು ರಾಜಿ ಮಾಡಿದ. ಹೀಗಾಗಿ ದಿವಾನ ಅಮೋಘಸಿದ್ದನ ತೊಡೆಯ ಮೇಲೆ ಕೂತು, ಚೀಲ ಹಾಕಿದ ಕಾಲುಗಳನ್ನು ಕೆಳಗೆ ಇಳಿಬಿಟ್ಟು ಸುರಪುರದ ದಾರಿ ಹಿಡಿದ.

ಬಸ್ಸು ತುಂಬ ಮಂದಿ. ಮದುವೆಗಂಡಿನ ಸುದ್ದಿ ಹರಡಿದ್ದರಿಂದ ಯಾರಿಗೂ ಹೊತ್ತು ಹೋಗುವ ಚಿಂತೆ ಇರಲಿಲ್ಲ. ಗಂಡು ಎಷ್ಟು ದೊಡ್ಡವ, ಹೊತ್ತಿಗೆ ಸರಿಯಾಗಿ ಕೂಗುತ್ತಾನೋ ಇಲ್ಲವೋ, ಇದಕ್ಕೂ ಮೊದಲು ಎಲ್ಲಾದರೂ ಸಂಬಂಧ ನೋಡಿದ್ದರೋ ಎಂದು ಕೇಳಿದರು. ಭಗವಂತರಾಯರು ಒಂದೊಂದಕ್ಕೂ ಗಂಭೀರವಾಗಿ ಉತ್ತರ ಕೊಟ್ಟರು. ಕೊಡುತ್ತ ಕೊಡುತ್ತ ಅವರಿಗೇ ಅದು ಕೋಳಿ ಎಂಬುದು ಮರೆತುಹೋಗಿರಬೇಕು, ಗಂಡಿನ ಮನೆತನ ಬಲು ದೊಡ್ಡದು, ದೇವಡಿಯ ನೆಂಟಸ್ತಿಕೆ ಇದೆ ಎನ್ನುವಲ್ಲಿಗೆ ಬಂದು ಮುಟ್ಟಿದರು. ಅಮೋಘಸಿದ್ದ ನಾಚಿ ಕಿಟಕಿಯಿಂದ ಹೊರಗೆ ತೊಗರಿ ಹೊಲ ನೋಡುತ್ತ ಕೂತ.

ಕೆಂಭಾವಿಯ ಸಂತೆಗೆ ಹೊರಟಿದ್ದ ಮುದುಕಿಯೊಬ್ಬಳು ಸುರಪುರದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕೆಂದು ಒಂದು ಕುರಿಮರಿಯನ್ನು ಕಾಲಬುಡದಲ್ಲಿ ಇಟ್ಟುಕೊಂಡು ಕೂತಿದ್ದಳು. ಕುರಿಗೆ ಉಪ್ಪೆಂದರೆ ಪ್ರಾಣ, ಇದು ಕುರುಬರ ಕೂಸಿಗೂ ಗೊತ್ತು. ಅಮೋಘಸಿದ್ದನಿಗೂ ಗೊತ್ತಿರಬೇಕಾಗಿತ್ತು. ಆದರೆ ಕುರಿಯ ವಿಚಾರ ಬಿಟ್ಟು ಅವನಿಗೆ ಎಷ್ಟೋ ವರ್ಷವಾಗಿತ್ತು. ಮರಿ ಮೊದಲು ದಿವಾನನ ಎಡಗಾಲಿನ ಚೀಲವನ್ನು ನೆಕ್ಕಿತು. ರುಚಿ ಹತ್ತಿತು. ಬಾಯಿಗೆ ಹಾಕಿಕೊಂಡು ಚೀಪಿತು. ಕೊನೆಗೆ ತಲೆ ಕೊಡವಿ ಜಗ್ಗಿತು.

ದಿವಾನ ಕೂಗಿದ ಕೂಗಿಗೆ ಡ್ರೈವರು ಬಸ್ಸು ನಿಲ್ಲಿಸಿದ. ಅಮೋಘಸಿದ್ದ ಕೆಳಗೆ ಬಗ್ಗಿ ನೋಡಿದರೆ ಚೀಲ ಕುರಿಮರಿಯ ಬಾಯಲ್ಲಿತ್ತು. ಚೀಲದ ಒಳಗೆ ಎರಡು ಬಿಳಿಯ ಪುಕ್ಕಗಳಿದ್ದವು. ಬೇರೆ ಯಾವ ಪುಕ್ಕ ಹೋಗಿದ್ದರೂ ನಡೆಯುತ್ತಿತ್ತು. ಹೋದದ್ದು ನಡುಬೆರಳಿನವೇ.

ಸುರಪುರದಲ್ಲಿ ಇಳಿದವನೇ ಅಮೋಘಸಿದ್ದ ಒಂದು ಕಲ್ಲಿನ ಮೇಲೆ ಕುಸಿದು ಕೂತ. ಮುಂದಿನ ಬಸ್ಸಿಗೆ ಊರಿಗೆ ಹೋಗೋಣ, ಇನ್ನು ಮುಗಿಯಿತು ಎಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಭಗವಂತರಾಯರು ಕೇಳಲಿಲ್ಲ. ನಿಶ್ಚಯಕ್ಕೆಂದು ಹೊರಟು ಬಾಗಿಲು ಮುಟ್ಟದೆ ಹಿಂದಿರುಗಿದ ದಾಖಲೆ ತಮ್ಮ ಜೀವಮಾನದಲ್ಲಿಲ್ಲ, ಈಗಲೂ ಆಗಗೊಡುವುದಿಲ್ಲ ಎಂದರು. ಉಪಾಯ ಹೇಳಿದವನು ಶರೀಫಸಾಬ. ಹರಿದ ಬಟ್ಟೆಗೆ ತೇಪೆ ಹಾಕುವುದಿಲ್ಲವೇ, ಪುಕ್ಕ ಕೈಯಲ್ಲೇ ಇದೆ, ಅಂಟಿಸಿದರಾಯಿತು ಎಂದ.

ಅಂಟಿಗೆ ಕಷ್ಟವಿರಲಿಲ್ಲ. ಕಂಬಳಿ ನೇಯುವವರ ಮನೆಯಲ್ಲಿ ಹುಣಸೆಬೀಜದ ಗಂಜಿ ಸದಾ ಇರುತ್ತದೆ, ಉಣ್ಣೆಯ ನೂಲಿಗೆ ಅದನ್ನು ಹಚ್ಚಿಯೇ ಬಿಗಿ ಮಾಡುವುದು. ಸುರಪುರದ ಏರು ಓಣಿಯಲ್ಲಿ ಅಮೋಘಸಿದ್ದನ ಕುಲದವರ ಮನೆಗಳಿದ್ದವು. ಒಂದು ಮನೆಯಲ್ಲಿ ಬೊಗಸೆ ಗಂಜಿ ಬೇಡಿ ತಂದರು. ಮೋಡ ಸರಿದು ಬಿಸಿಲು ಬಿದ್ದಿತ್ತು. ಅಮೋಘಸಿದ್ದ ದಿವಾನನನ್ನು ಅವಚಿಕೊಂಡು ಕೂತ, ಶರೀಫಸಾಬ ಮುರಿದ ಬುಡದ ಮೇಲೆ ಒಂದೊಂದೇ ಪುಕ್ಕವನ್ನು ಕೂರಿಸಿದ, ಭಗವಂತರಾಯರು ಕೋಳಿ ಮುಟ್ಟದ ನೇಮ ಕೆಡದಂತೆ ದೂರ ನಿಂತು ಕೊಡೆಯಿಂದ ಗಾಳಿ ಬೀಸಿದರು. ಹೋಗಿಬರುವವರು ನಿಂತು ನೋಡಿದರು. ಏನು ನಡೆದಿದೆ ಎಂದು ಕೇಳಿದವರಿಗೆ ಶರೀಫಸಾಬ ಗಂಡು ಸಿಂಗಾರವಾಗುತ್ತಿದೆ ಎಂದು ಹೇಳಿದ.

ಒಣಗಿದ ಮೇಲೆ ಪುಕ್ಕ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಹುಟ್ಟಿನಿಂದ ಬಂದದ್ದಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಅಮೋಘಸಿದ್ದ ಮಾತ್ರ ಆ ಕಾಲನ್ನು ಮತ್ತೆ ನೋಡಲಿಲ್ಲ. ಒಂದು ಗರಿ ತಪ್ಪಿದ್ದಕ್ಕೆ ಎಷ್ಟೋ ಮರಿಗಳನ್ನು ಒಲೆಗೆ ಕಳಿಸಿದ ಮನುಷ್ಯ, ಈಗ ರಾಜಾಸಾಬನ ಮನೆಗೇ ಗಂಜಿ ಹಚ್ಚಿದ ಬೆರಳು ತೆಗೆದುಕೊಂಡು ಹೊರಟಿದ್ದ.

ಗೌಹರಬೇಗಂ ಅಂಗಳದ ಹೊರಸಿನ ಮೇಲೆ ಕೂತಿದ್ದಳು. ತೆಳ್ಳಗಿನ ಮೈ, ನೆಟ್ಟ ನೋಟ. ಶರೀಫಸಾಬನ ಸಲಾಮಿಗೆ ತಲೆ ಆಡಿಸಿ, ಯಾರ ಯೋಗಕ್ಷೇಮವನ್ನೂ ಕೇಳದೆ, ಹುಂಜವನ್ನು ಕೆಳಗೆ ಬಿಡಲು ಹೇಳಿದಳು. ದಿವಾನ ನಡೆದ. ತಿರುಗಿ ನಡೆಸಿದಳು. ನಿಲ್ಲಿಸಿ ಎದುರಿನಿಂದ ನೋಡಿದಳು, ಹಿಂದಿನಿಂದ ನೋಡಿದಳು. ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಹುಡುಗಿಗೆ ಕೊಡುವ ಕಾಟವನ್ನೆಲ್ಲ ಆ ಮುದುಕಿ ಗಂಡಿಗೆ ಕೊಟ್ಟಳು. ಆಮೇಲೆ ಮಡಿಲಲ್ಲಿ ಎತ್ತಿಕೊಂಡು ಜುಟ್ಟಿನ ಸಾಲು ಸವರಿದಳು, ಕುತ್ತಿಗೆಯ ಗರಿ ಸರಿಸಿ ಕಪ್ಪು ಗೀರು ನೋಡಿದಳು, ಎದೆಯ ಅಗಲಕ್ಕೆ ಅಂಗೈ ಇಟ್ಟಳು. ಕೊನೆಗೆ ಕಾಲಿಗೆ ಬಂದಳು.

ಬಲಗಾಲು ಮುಗಿಯಿತು. ಎಡಗಾಲಿನ ಹೊರಬೆರಳು ಮುಗಿಯಿತು. ನಡುಬೆರಳಿನ ಮೇಲೆ ಅವಳ ಬೆರಳು ನಿಂತಿತು. ಅಮೋಘಸಿದ್ದ ತನ್ನ ಹೆಸರಿನ ದೇವರನ್ನೇ ನೆನೆದ. ಆ ಬೆರಳು ಅಲ್ಲೇ ಬಹಳ ಹೊತ್ತು ಇದ್ದಂತೆ ಅವನಿಗೆ ಅನಿಸಿತು. ಆಮೇಲೆ ಅವಳು ಕಾಲು ಬಿಟ್ಟು, ದಿವಾನನ ಬೆನ್ನು ಸವರಿ, ಸೊಸೆ ರಾಬಿಯಾಳನ್ನು ಕರೆದಳು. ಹೇಂಟೆ ತರಲು ಹೇಳಿದಳು.

ರಾಬಿಯಾ ಹೇಂಟೆಯನ್ನು ತಂದು ಅಂಗಳದಲ್ಲಿ ಬಿಟ್ಟಾಗ ಅಮೋಘಸಿದ್ದ ನೆಲಕ್ಕೆ ಬಗ್ಗಿ ನೋಡಿದ. ಇಷ್ಟು ವರ್ಷ ಬರೀ ಬಾಯಿಪಾಠವಾಗಿದ್ದ ಮಾತು ಅಲ್ಲಿ ಮೈ ತುಂಬಿಕೊಂಡು ನಿಂತಿತ್ತು. ನೆಲದ ಮೇಲೆ ಕಾಲಿರುವುದೇ ಕಾಣದಷ್ಟು ಪುಕ್ಕ. ನಡುಬೆರಳಿನ ತುದಿಯಲ್ಲಿ ಎರಡು ಪುಕ್ಕ ಹೊರಗೆ ಚಾಚಿಕೊಂಡಿದ್ದವು. ದಿವಾನ ಒಂದು ರೆಕ್ಕೆ ಇಳಿಬಿಟ್ಟು ಅದರ ಸುತ್ತ ಒಂದು ಸುತ್ತು ಬಂದ. ಹೇಂಟೆ ಅವನ ಕಡೆ ನೋಡದೆ ಕಾಳು ಹೆಕ್ಕಿತು, ಆದರೆ ದೂರ ಹೋಗಲಿಲ್ಲ. ಇಬ್ಬರೂ ಒಪ್ಪಿದಂತೆಯೇ ಎಂದು ಶರೀಫಸಾಬ ಸಾರಿದ.

ಇಲ್ಲಿಂದ ಮುಂದೆ ಭಗವಂತರಾಯರ ರಾಜ್ಯ. ಅವರು ಗಂಟಲು ಸರಿಮಾಡಿಕೊಂಡು ರುಮಾಲು ಬಿಗಿದರು. ಅಮೋಘಸಿದ್ದ ಬಾಯಿ ತೆರೆಯಲು ಹೋದರೆ ಕಣ್ಣು ಬಿಟ್ಟು ಸುಮ್ಮನಾಗಿಸಿದರು. ಹೆಣ್ಣಿನ ಕಡೆಯಿಂದ ಮೊದಲ ಕೇಳಿಕೆ ಬಂತು, ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಹಾಗೆಂದರೆ ಮೊದಲ ಸಲ ಒಡೆದ ಮರಿಗಳು ಗೌಹರಬೇಗಮಳ ಮನೆಯವು. ಅದು ಲೋಕದ ರೀತಿ ಎಂದು ಭಗವಂತರಾಯರು ಒಪ್ಪಿಬಿಟ್ಟರು. ಅಮೋಘಸಿದ್ದನಿಗೆ ಕಸಿವಿಸಿಯಾಯಿತು. ಆದರೂ ಎರಡನೆಯ ಸಲದ್ದು ತನ್ನದಾಗುತ್ತದಲ್ಲ ಎಂದು ಸಮಾಧಾನ ತಂದುಕೊಂಡ.

“ಇನ್ನೊಂದು ಮಾತದರಿ,” ಎಂದಳು ಗೌಹರಬೇಗಂ. “ನನ್ನ ಗಂಡ ಕೈಯಾರೆ ಸಾಕಿದ್ದು ಇದೊಂದೇ ಉಳದದ. ಈಕಿನ್ನ ಕಳಿಸಿ ನಾ ಈ ಅಂಗಳದಾಗ ಏನ ನೋಡ್ಕೋತ ಕೂಡ್ಲಿ?”

ಆ ಮಾತು ಕೇಳಿ ಭಗವಂತರಾಯರ ಮುಖ ಅರಳಿತು. ಇಂಥ ಗಂಟನ್ನು ಅವರು ಎಷ್ಟು ಮನೆಗಳಲ್ಲಿ ಬಿಚ್ಚಿರಲಿಲ್ಲ? ಇದಕ್ಕೆ ಊರೂರಿನಲ್ಲೂ ನಡೆದುಬಂದ ಒಂದೇ ದಾರಿ ಇತ್ತು.

“ಅದಕ್ಯಾಕ ಚಿಂತಿ ಮಾಡ್ತೀರಿ. ಒಬ್ಬಾಕಿನೇ ಮಗಳಿದ್ದ ಮನಿಗೆ ಮನಿಅಳಿಯ ಬರೋದು ರೀತಿ ಅದ. ನಮ್ಮ ಹುಡುಗನ್ನ ಇಲ್ಲೇ ಬಿಟ್ಟು ಹೋಗ್ತೀವಿ, ಮಗನಂಗ ನೋಡಿಕೊಳ್ರಿ.”

ಅಮೋಘಸಿದ್ದ ದಿಗ್ಗನೆ ಎದ್ದ. ಆದರೆ ರಾಬಿಯಾ ಅಷ್ಟರಲ್ಲಿ ಸಕ್ಕರೆಯ ತಟ್ಟೆ ತಂದಿದ್ದಳು. ಶರೀಫಸಾಬ ಮುಬಾರಕ್ ಎನ್ನುತ್ತ ಎದ್ದವನ ಬಾಯಿಗೇ ಒಂದು ಚಿಟಿಕೆ ಹಾಕಿದ. ಸಕ್ಕರೆ ಬಾಯಿಗೆ ಬಿದ್ದಿತೆಂದರೆ ಮಾತು ಮುಗಿದಂತೆ. ಹಿರಿಯರ ಎದುರಿಗೆ ಸಕ್ಕರೆ ತಿಂದು ತಿರುಗಿಬಿದ್ದವನಿಗೆ ಶಹಾಪುರದಿಂದ ಸುರಪುರದವರೆಗೆ ಯಾರೂ ಮತ್ತೆ ನೀರು ಕೊಡಲಾರರು. ಅವನು ನಿಂತಲ್ಲೇ ಸಕ್ಕರೆ ನುಂಗಿದ.

ತಾನು ಹೇಂಟೆ ತರಲು ಬಂದವನು, ಹುಂಜವನ್ನೇ ಕಳೆದುಕೊಂಡೆನಲ್ಲ ಎಂದುಕೊಂಡ. ಮರಿಗಳನ್ನಾದರೂ ಕೊಡುತ್ತೀರಾ ಎಂದು ಮೆಲ್ಲಗೆ ಕೇಳಿದ. ಮನೆಅಳಿಯನ ಮಕ್ಕಳು ಹೆಣ್ಣಿನ ಮನೆಯಲ್ಲೇ ಬೆಳೆಯುತ್ತವೆ, ನೋಡಬೇಕು ಅನಿಸಿದಾಗ ಬಂದು ನೋಡಿಕೊಂಡು ಹೋಗಲು ಅಡ್ಡಿಯಿಲ್ಲ ಎಂದು ಗೌಹರಬೇಗಂ ಪ್ರೀತಿಯಿಂದಲೇ ಹೇಳಿದಳು. ಭಗವಂತರಾಯರು ಅದು ಸರಿಯಾದ ಮಾತೆಂದು ತಲೆದೂಗಿದರು.

ಆಗ ಅಮೋಘಸಿದ್ದನಿಗೆ ಒಂದು ದಾರಿ ಹೊಳೆಯಿತು. ಒಂದೇ ಒಂದು ತಪ್ಪಿದ್ದರೂ ಗಂಡು ಬಾಗಿಲಿಂದಲೇ ಹಿಂದಕ್ಕೆ ಎಂದು ಅವಳೇ ಹೇಳಿಕಳಿಸಿದ್ದಳಲ್ಲ? ತಪ್ಪು ಅವನ ಕೈಯಲ್ಲೇ ಇತ್ತು. ಹೇಳಿದರೆ ಮರ್ಯಾದೆ ಹೋಗುತ್ತದೆ, ಸಂಬಂಧ ಮುರಿಯುತ್ತದೆ. ಆದರೆ ದಿವಾನ ತೊಡೆಯ ಮೇಲೆ ಕೂತು ಊರಿಗೆ ಬರುತ್ತಾನೆ. ಒಂದು ಕಡೆ ಮರ್ಯಾದೆ, ಒಂದು ಕಡೆ ದಿವಾನ. ಅಂಗಳದ ಆ ತುದಿಯಲ್ಲಿ ದಿವಾನ ಕಾಳು ಕೆದರಿ ಹೇಂಟೆಯನ್ನು ಕರೆಯುತ್ತಿದ್ದ. ಅವನನ್ನು ನೋಡಿದ್ದೇ ಅಮೋಘಸಿದ್ದ ಮರ್ಯಾದೆಯನ್ನು ಕೈಬಿಟ್ಟ.

“ಅವ್ವಾರ, ನಂದು ತಪ್ಪಾಗ್ಯದರಿ,” ಎಂದು ಕೈ ಮುಗಿದ. “ಎಡಗಾಲಿನ ನಡುಬಳ್ಳಿನ ಪುಕ್ಕ ಅಂಟಿಸಿದ್ದರಿ. ಹುಣಸಿಬೀಜದ ಗಂಜಿ ಹಚ್ಚಿ ಕುಂದರಿಸೀವಿ. ನಿಮಗ ಮೋಸ ಮಾಡಾಕ ನನ್ನ ಮನಸ ಒಪ್ಪವಲ್ದು. ಈ ಸಂಬಂಧ ಬ್ಯಾಡ ಅಂದ್ರೂ ನಡೀತದ, ನಾ ಹುಂಜ ತಗೊಂಡು ಹೋಗ್ತೀನಿ.”

ಭಗವಂತರಾಯರು ಕೊಡೆಯನ್ನು ಹುಡುಕುವವರಂತೆ ಆಚೆ ತಿರುಗಿದರು. ಶರೀಫಸಾಬ ತನ್ನ ಹೆಸರು ಬರಲಿಲ್ಲವೆಂದು ಒಳಗೊಳಗೇ ದೇವರನ್ನು ನೆನೆದ. ಗೌಹರಬೇಗಂ ಮಾತ್ರ ಕದಲಲಿಲ್ಲ.

“ಗೊತ್ತದ ತಮ್ಮ. ಬಳ್ಳ ಮುಟ್ಟಿದ ಕೂಡ್ಲೇ ಗೊತ್ತಾತು. ಪುಕ್ಕ ಮುರದದ, ಬೇರು ಗಟ್ಟಿ ಅದ. ಹಳೀ ಗರಿ ಉದುರಿ ಹೊಸಾವು ಬಂದಾಗ ಅದೂ ಬರ್ತದ. ನಾ ಬೇರು ನೋಡಿ ಒಪ್ಪೀನಿ. ನೀ ಬಾಯಿಬಿಟ್ಟು ಹೇಳ್ತಿ ಏನು ಇಲ್ಲ, ಅದೊಂದು ನೋಡೋದಿತ್ತು. ಹೇಳಿದಿ. ಇಂಥ ಮಂದಿ ಜೋಡಿ ಸಂಬಂಧ ಆತಲ್ಲ ಅಂತ ನನಗ ಖುಷಿ ಆತು.”

ಅಮೋಘಸಿದ್ದ ಮುಗಿದ ಕೈ ಹಾಗೆಯೇ ಹಿಡಿದುಕೊಂಡು ನಿಂತ. ಪುಕ್ಕ ಹೇಗೆ ಮುರಿಯಿತು ಎಂದು ಅವಳು ಕೇಳಿದಳು. ಅವನು ಬಸ್ಸು, ಉಪ್ಪಿನ ಚೀಲ, ಕುರಿಮರಿ ಎಲ್ಲವನ್ನೂ ಹೇಳಿದ. ಒಂದನ್ನೂ ಬಿಡಲಿಲ್ಲ, ಹೇಳಿದಷ್ಟೂ ತನ್ನ ಅಪರಾಧ ದೊಡ್ಡದಾಗಿ ಹುಂಜ ಹಿಂದಕ್ಕೆ ಸಿಕ್ಕೀತು ಎಂಬ ಆಸೆ ಇನ್ನೂ ಒಂದಿಷ್ಟು ಉಳಿದಿತ್ತು. ಗೌಹರಬೇಗಂ ಕೊನೆಯವರೆಗೆ ಕೇಳಿ, ಹೇಂಟೆಯನ್ನು ಹತ್ತಿರ ಎಳೆದುಕೊಂಡಳು.

“ಅಂಥ ಬಸ್ಸಿನ್ಯಾಗ ನನ್ನ ಮಗಳನ್ನ ಕಳಸಾಕ ಆಗ್ತದೇನು, ನೀನೇ ಹೇಳು. ಹುಡುಗನ್ನರ ಮತ್ತ ಅದರಾಗ ಕುಂದರಿಸ್ತೀಯೇನು?”

ಆ ಬಸ್ಸಿನಲ್ಲಿ ಪುಕ್ಕದ ಕಾಲಿನ ಕೋಳಿಯನ್ನು ತರಬಾರದು ಎಂಬುದು ಅಮೋಘಸಿದ್ದನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಊಟ ಮಾಡಿಸದೆ ಬೀಗರನ್ನು ಬಿಡಲಿಲ್ಲ. ಭಗವಂತರಾಯರು ಪಕ್ಕದ ಓಣಿಯ ತಮ್ಮ ಪರಿಚಯದವರ ಮನೆಗೆ ಹೋಗಿ ರೊಟ್ಟಿ ತಿಂದು ಬಂದರು. ಹೊರಡುವಾಗ ಅಮೋಘಸಿದ್ದ ದಿವಾನನನ್ನು ಎತ್ತಿಕೊಂಡು, ಜುಟ್ಟಿನಿಂದ ಬೆರಳಿನವರೆಗೆ ಒಮ್ಮೆ ಸವರಿ, ಗೌಹರಬೇಗಮಳ ಮಡಿಲಿಗೆ ಇಟ್ಟ. ದಿವಾನ ಮಡಿಲಿನಿಂದ ಇಳಿದು ನೆಟ್ಟಗೆ ಹೇಂಟೆಯ ಕಡೆಗೆ ಹೋದ. ತಿರುಗಿ ನೋಡಲಿಲ್ಲ.

ಬೀಗರು ಖಾಲಿ ಬುಟ್ಟಿ ಹಿಡಿದು ಬಾಗಿಲು ದಾಟಬಾರದೆಂದು ರಾಬಿಯಾ ಓಡಿಬಂದು ಬುಟ್ಟಿಯಲ್ಲಿ ಒಂದು ಹುಂಜವನ್ನು ಇಟ್ಟು ಮುಚ್ಚಳ ಕಟ್ಟಿದಳು. ಬೀಗರಿಗೆ ಕೊಟ್ಟ ಉಡುಗೊರೆ, ಬೇಡವೆನ್ನುವಂತಿಲ್ಲ. ಊರಿನ ಹುಂಜ, ಕೆಂಪು ಮೈ, ಉದ್ದ ಬಾಲ, ಕೆತ್ತಿದ ಕಡ್ಡಿಯಂಥ ಎರಡು ಬೋಳು ಕಾಲು. ಕಾಲಿನಲ್ಲಿ ಒಂದೇ ಒಂದು ಪುಕ್ಕ ಹುಡುಕಿದರೂ ಸಿಗುತ್ತಿರಲಿಲ್ಲ.

ಬಸ್ಸಿನಲ್ಲಿ ಭಗವಂತರಾಯರು ಬಹಳ ಹುರುಪಿನಲ್ಲಿದ್ದರು. ಇಂಥ ಅಚ್ಚುಕಟ್ಟಾದ ಸಂಬಂಧವನ್ನು ಮನುಷ್ಯರಲ್ಲೂ ಕುದುರಿಸಿರಲಿಲ್ಲ ಎಂದರು. ಶರೀಫಸಾಬ ಮರಿಗಳ ಕಾಲಿಗೆ ಈಗಿನಿಂದಲೇ ಸಣ್ಣ ಚೀಲ ಹೊಲಿದಿಡಬೇಕು, ಈ ಸಲ ಬೇರೆ ಬಟ್ಟೆ ನೋಡಬೇಕು ಎಂದ. ಅಮೋಘಸಿದ್ದ ಬುಟ್ಟಿಯನ್ನು ಕಂಡಕ್ಟರು ಹೇಳಿದಂತೆ ಬಸ್ಸಿನ ಮೇಲಕ್ಕೆ ಹಾಕಿ, ಕಿಟಕಿಯ ಹತ್ತಿರ ಕೂತ. ಅವನಿಗೆ ದುಃಖವೂ ಆಗಿತ್ತು, ಸುಖವೂ ಆಗಿತ್ತು. ತೊಡೆ ಹಗುರವೆನಿಸಿದಾಗಲೆಲ್ಲ ದುಃಖ. ಆದರೆ ಮುಂದಿನ ವರ್ಷ ಸುರಪುರದ ಆ ಅಂಗಳದ ತುಂಬ ನಡುಬೆರಳು ತುಂಬಿದ ಮರಿಗಳು ಓಡಾಡುತ್ತಿರುತ್ತವೆ ಎಂದು ನೆನೆದಾಗ ಅವನ ಮುಖ ತಾನಾಗಿ ಅರಳುತ್ತಿತ್ತು. ತಾನು ಹೋಗಿ ಒಂದೊಂದನ್ನೇ ಅಂಗೈ ಮೇಲೆ ನಿಲ್ಲಿಸಿ ನೋಡಬಹುದು. ಮನೆಗೆ ತರುವಂತಿಲ್ಲ ಅಷ್ಟೆ.

ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು. ಚಂದಮ್ಮ ಬುಟ್ಟಿಯನ್ನು ಇಳಿಸಿಕೊಂಡು ಮುಚ್ಚಳ ಬಿಚ್ಚಿದಳು. ಹೇಂಟೆ ಇರಬೇಕಾದಲ್ಲಿ ಒಂದು ಹುಂಜ ಎದ್ದು ನಿಂತು ಮೈ ಕೊಡವಿತು. ಅವಳು ಅದನ್ನು ಹೊರಗೆ ತೆಗೆದು ಕಾಲು ನೋಡಿದಳು, ಮೈ ನೋಡಿದಳು, ಕೈಯಲ್ಲಿ ತೂಗಿ ನೋಡಿದಳು. ಅಮೋಘಸಿದ್ದ ನಡೆದದ್ದನ್ನು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ಕೂತಿದ್ದ.

“ಒಂದು ದಿನದಾಗ ಎಷ್ಟರ ಸೊರಗ್ಯಾನಲ್ರಿ,” ಎಂದಳು ಚಂದಮ್ಮ. “ಮೈಬಣ್ಣ ಸೈತ ತಿರಗ್ಯದ, ಕಾಲಾಗಿಂದೆಲ್ಲ ಉದರಿ ಹೋಗ್ಯದ. ಹೋಗ್ಲಿ ಬಿಡ್ರಿ. ಈಗರ ಕೋಳಿ ಕೋಳಿ ಇದ್ದಂಗ ಅದ.”